ಬೇಲಿಯಡಿಯ ಕಂಡಿ

ಮಾರ್ಚಿಯಲ್ಲೇ ನೋಡಿದ್ದೆ.
ಹದಿನಾಲ್ಕನೇ ಮನೆಯ ಹಿಂದೆ, ಕಬ್ಬಿಣದ ಬೇಲಿ
ಒಣಹಳ್ಳಕ್ಕೆ ಇಳಿಯುವಲ್ಲಿ, ಮಣ್ಣು ಕೊಚ್ಚಿಹೋಗಿ
ಒಂದು ಗೇಣು ಕಂಡಿ. ಕೈಯಿಟ್ಟು ಅಳೆದೆ.
ಚೀಟಿ ಬರೆದು ಆಫೀಸಿನ ಮೊಳೆಗೆ ಸಿಕ್ಕಿಸಿದೆ:
ಸಿಮೆಂಟು ಎರಡು ಮೂಟೆ, ಜಲ್ಲಿ ಸ್ವಲ್ಪ, ಅರ್ಧ ದಿನ.

ಸಿಮೆಂಟು ಬಂತು. ಶೆಡ್ಡಿನಲ್ಲಿ ಕೂತಿತು.

ಟೂಸಾನಿನ ಅಂಚಿಗೆ, ಬೆಟ್ಟ ಶುರುವಾಗುವಲ್ಲಿ
ನೂರಾ ಆರು ಮನೆ, ಎಲ್ಲಕ್ಕೂ ಒಂದೇ ಮಣ್ಣಿನ ಬಣ್ಣ,
ಎಲ್ಲದರಲ್ಲೂ ಹಿಮದ ನಾಡಿಂದ ಬಂದ ಮುದಿ ಮೊಣಕಾಲುಗಳು.
ನಾನು ರೆಫುಹಿಯೊ; ಅವರ ಬಾಯಿಗೆ ಉದ್ದವಾಗಿ ‘ರೆಫ್’.
ಕಿತ್ತಳೆ ಉದುರಿದರೆ ರೆಫ್, ಪೈಪು ಸೋರಿದರೆ ರೆಫ್,
ಈಜುಕೊಳದಲ್ಲಿ ಚೇಳು ತೇಲಿದರೂ ರೆಫ್.

ಮೇ ತಿಂಗಳ ಒಂದು ನಸುಕು,
ನಿಂಬೆಗಿಡಗಳಿಗೆ ಹನಿನೀರು ತಿರುಗಿಸಿ
ಬುತ್ತಿ ಬಿಚ್ಚಿ ಕೂತಿದ್ದೆ. ಕಂಡಿಯಿಂದ ಮೊದಲು ಮೂಗು,
ಆಮೇಲೆ ಕಿವಿ, ಆಮೇಲೆ ಜೋಲುಮೊಲೆಯ ಹೊಟ್ಟೆ.
ಕಯೋಟಿ. ಹಿಂದೆ ಮೂರು ಮರಿ,
ಒಂದರ ಕಿವಿ ಇನ್ನೂ ನೆಟ್ಟಗಾಗಿರಲಿಲ್ಲ.
ಸೋರುವ ಪೈಪಿನ ಕೆಳಗೆ ನಾಲಗೆಯೊಡ್ಡಿ ಕುಡಿದವು.
ತಾಯಿ ನನ್ನನ್ನು ನೋಡಿದಳು.
ನೋಡಿ, ಮತ್ತೆ ಕುಡಿದಳು.

ಹಳ್ಳದಲ್ಲಿ ಒಂದು ತೊಟ್ಟೂ ಇರಲಿಲ್ಲ.
ಸಿಮೆಂಟಿಗೆ ಹೋದ ಕೈ ವಾಪಸು ಬಂತು.
ಮುಂದಿನ ವಾರ ಅಂದೆ. ಮರಿ ಬಲಿಯಲಿ ಅಂದೆ.
ಆ ಸೋರಿಕೆಯನ್ನೂ ಸರಿಮಾಡಲಿಲ್ಲ.
ಇದು ಯಾವ ಚೀಟಿಯಲ್ಲೂ ಇಲ್ಲ.

ಹಲಗೆಗಳನ್ನು ನೆಟ್ಟವನೂ ನಾನೇ:
ನಾಯಿಗೆ ಹಗ್ಗವಿರಲಿ, ಆರಡಿ ಮೀರದಿರಲಿ.
ಹೊರಗೆ ಕಾಳು ಚೆಲ್ಲಬೇಡಿ. ಮುಸ್ಸಂಜೆ ಎಚ್ಚರ.
ಬರೆದವಳು ಹದಿನಾಲ್ಕನೇ ಮನೆಯ ವಿಲ್ಮಾ ಹಾಲ್ವರ್ಸನ್,
ಅಂಗಳ ಸಮಿತಿಯ ಕಾರ್ಯದರ್ಶಿ, ಕಾಗುಣಿತದಲ್ಲಿ ಕಟ್ಟುನಿಟ್ಟು.
ಅವಳ ಹಿತ್ತಲ ಗೋಡೆಯ ಮೇಲೇ ದಿನಾ ಒಂದು ಬಟ್ಟಲು ಕಾಳು.
‘ಲಾವುಗೆಗೆ, ರೆಫ್. ಲಾವುಗೆ ಲೆಕ್ಕಕ್ಕಿಲ್ಲ.’
ಕಾಳಿಗೆ ಲಾವುಗೆ ಬಂತು, ಲಾವುಗೆ ಚೆಲ್ಲಿದ್ದಕ್ಕೆ ಇಲಿ ಬಂತು,
ಇಲಿಗೆ ಹಾವು, ಮೊಲಕ್ಕೆ ಗಿಡುಗ,
ಎಲ್ಲಕ್ಕೂ ಸೇರಿ ಆ ತಾಯಿ ಬಂದಳು.

ಜುಲೈ. ಮಳೆಗೆ ಮುಂಚಿನ ಧೂಳಿನ ಸಂಜೆ.
ಓಟ್ಟೊ, ಉದ್ದ ಬೆನ್ನಿನ ಗಿಡ್ಡ ನಾಯಿ, ಒಂಬತ್ತು ವರ್ಷ,
ಉಚ್ಚೆಗೆಂದು ಹೊರಟದ್ದು. ಹಗ್ಗ ಬಾಗಿಲ ಕೊಕ್ಕೆಯಲ್ಲೇ.
ಒಂದೇ ಸಲ ಕೂಗಿತಂತೆ.
ಅವಳು ಚಪ್ಪಲಿ ಹುಡುಕುವಷ್ಟರಲ್ಲಿ
ಹಿತ್ತಲಲ್ಲಿ ಗಾಳಿ ಮಾತ್ರ.
ಬೆಳಿಗ್ಗೆ ಹಳ್ಳದಲ್ಲಿ ಕೊರಳಪಟ್ಟಿ ನನಗೇ ಸಿಕ್ಕಿತು.
ಕೊಂಡಿ ಬಿಚ್ಚಿರಲಿಲ್ಲ.

ಸಭೆಯಲ್ಲಿ ಒಬ್ಬ ಬೋನು ಅಂದ, ಒಬ್ಬ ಬಂದೂಕು ಅಂದ.
‘ಕಂಡಿ ಇತ್ತೇ?’ ಕೇಳಿದರು.
‘ಚೀಟಿ ಬರೆದಿದ್ದೆ’ ಅಂದೆ.
ನಿಜ. ಒಂದು ಗೇಣಿನಷ್ಟು ನಿಜ.

ಆ ಮಧ್ಯಾಹ್ನವೇ ಕಲಸಲು ಹೋದರೆ
ಒಂದು ಮೂಟೆ ಕೂತಲ್ಲೇ ಕಲ್ಲಾಗಿತ್ತು.
ಆ ಕಲ್ಲನ್ನೇ ಉರುಳಿಸಿ ತಂದು ಕಂಡಿಗೆ ತುರುಕಿ
ಉಳಿದದ್ದಕ್ಕೆ ಸಿಮೆಂಟು ಮೆತ್ತುತ್ತಿದ್ದೆ.
ವಿಲ್ಮಾ ಬಂದಳು, ತೋಳಲ್ಲಿ ಕಾಳಿನ ಚೀಲ,
ಮಗುವನ್ನು ಎತ್ತಿಕೊಂಡ ಹಾಗೆ.
‘ಹಲಗೆ ಬರೆದವಳು ನಾನು’ ಅಂದಳು.
ಕರಣೆ ನಿಲ್ಲಿಸಿದೆ. ನನ್ನ ಬಾಯಲ್ಲೂ ಒಂದು ಮಾತಿತ್ತು,
ನಸುಕಿನದು, ಸೋರುವ ಪೈಪಿನದು.
‘ಬಿಸಿಲಲ್ಲಿ ನಿಲ್ಲಬೇಡಿ’ ಅಂದೆ.
ಚೀಲ ಕೆಳಗಿಟ್ಟಳು. ‘ನಿಮ್ಮ ಮನೇಲಿ ಕೋಳಿ ಇವೆಯಲ್ಲ.’

ಇವೆ. ಏಳು. ಚೆನ್ನಾಗಿಯೇ ತಿಂದವು.
ರಾತ್ರಿ ಟಾರ್ಚು ಹಿಡಿದು ಗೂಡಿನ ಸುತ್ತ
ಮೊಣಕಾಲೂರಿ ತೆವಳಿದೆ, ತಂತಿಯಡಿಗೆ
ಕೈ ತೂರಿಸಿ ತೂರಿಸಿ ನೋಡುತ್ತ.
ಏನು ಕಳೆಯಿತು ಅಂತ ಕಿಟಕಿಯಿಂದ ಹೆಂಡತಿ.
ದೂರ ಬೆಟ್ಟದ ಕಡೆಯಿಂದ ಒಂದು ಕೂಗು, ಆಮೇಲೆ
ಚಿಕ್ಕವು, ಎರಡೋ, ಮೂರೋ.
ಎಣಿಸಲು ನಿಂತೆ.